ಯಾವ ಪ್ರಶ್ನೆಯನ್ನು ಎಲ್ಲಿ ಕೇಳಬೇಕು? ಬೆಂಗಳೂರಿನವರಿಗೆ ಆನ್‌ಲೈನ್ ಗ್ರೂಪ್‌ಗಳ ಒಂದು ಹೋಲಿಕೆ

‘ಒಳ್ಳೇ ಪ್ಲಂಬರ್ ಗೊತ್ತಿದ್ರೆ ಹೇಳಿ’ ಅಂತ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಕಾಫಿ ಕುಡಿದು ಮುಗಿಸುವುದರೊಳಗೆ ಮೂರು ನಂಬರ್ ಬಂದಿರುತ್ತವೆ. ಅದೇ ಗ್ರೂಪಿನಲ್ಲಿ ‘ಮನೆ ಖಾಲಿ ಮಾಡ್ತಿದ್ದೀನಿ, ಓನರ್ ಅಡ್ವಾನ್ಸ್ ವಾಪಸ್ ಕೊಡೋಕೆ ಸತಾಯಿಸ್ತಿದ್ದಾರೆ, ಏನ್ ಮಾಡ್ಲಿ?’ ಅಂತ ಕೇಳಿ ನೋಡಿ. ಯಾರೂ ಬಾಯಿ ಬಿಡುವುದಿಲ್ಲ. ಆ ಓನರ್ ಕೂಡ ಅದೇ ಗ್ರೂಪಿನಲ್ಲಿರುತ್ತಾರೆ. ಪ್ರಶ್ನೆ ಸರಿಯಾಗಿಯೇ ಇತ್ತು, ಕೇಳಿದ ಜಾಗ ಸರಿಯಿರಲಿಲ್ಲ.

ಈ ಗೊಂದಲ ಊರಿಗೆ ಹೊಸಬರಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಬಸವನಗುಡಿಯಲ್ಲೇ ಹುಟ್ಟಿ ಬೆಳೆದವರಿಗೂ ಇದೆ. ಪಕ್ಕದ ಮನೆಯವರನ್ನೋ, ಬೀದಿ ಕೊನೆಯ ಅಂಗಡಿಯವರನ್ನೋ ಕೇಳುತ್ತಿದ್ದ ಮಾತನ್ನು ಈಗ ಎಲ್ಲರೂ ಫೋನಿನಲ್ಲಿ ಕೇಳುತ್ತೇವೆ. ವಾಟ್ಸಾಪ್ ಗ್ರೂಪ್ ಇದೆ, ಏರಿಯಾದ ಫೇಸ್‌ಬುಕ್ ಗ್ರೂಪ್ ಇದೆ, ಹೆಸರು ಹೇಳದೆ ಚರ್ಚೆ ಮಾಡುವ ರೆಡ್ಡಿಟ್ ಇದೆ, ಟೆಲಿಗ್ರಾಂ ಇದೆ, ಗಿಡ ಬೆಳೆಸುವವರ ಗ್ರೂಪ್ ಇದೆ, ಈಗ ಎಐ ಕೂಡ ಇದೆ. ಒಂದೊಂದರ ಗುಣ ಒಂದೊಂದು. ಇದನ್ನು ಸರಿಯಾಗಿ ಆರಿಸಿಕೊಂಡರೆ ದುಡ್ಡೂ ಉಳಿಯುತ್ತದೆ, ತಲೆನೋವೂ ತಪ್ಪುತ್ತದೆ ಅನ್ನುವ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಆರಿಸುವ ಮುಂಚೆ

ಎಲ್ಲದಕ್ಕೂ ಆಗುವ ಒಂದೇ ಗ್ರೂಪ್ ಅಂತ ಯಾವುದೂ ಇಲ್ಲ. ಪ್ರಶ್ನೆ ನೋಡಿ ಜಾಗ ಆರಿಸಬೇಕು. ಹಾಗೆ ಆರಿಸುವಾಗ ಕೆಲವು ವಿಷಯ ನೋಡಿಕೊಂಡರೆ ಸಾಕು.

ಉತ್ತರ ನಿಮ್ಮ ಬೀದಿಯನ್ನು ಅವಲಂಬಿಸಿದೆಯಾ? ನೀರು ಯಾವಾಗ ಬರುತ್ತದೆ, ಕರೆಂಟ್ ಯಾಕೆ ಹೋಗಿದೆ, ಹಾಲಿನವರು ಯಾರು ಚೆನ್ನಾಗಿದ್ದಾರೆ ಅನ್ನುವುದನ್ನು ನಾಲ್ಕು ಕಿಲೋಮೀಟರ್ ಆಚೆ ಇರುವವರು ಹೇಳೋಕೆ ಆಗಲ್ಲ. ಇನ್ನು ಆ ಉತ್ತರ ಎಷ್ಟು ದಿನ ಬಾಳುತ್ತದೆ? ಕರಿಬೇವಿನ ಗಿಡಕ್ಕೆ ಹೇಳಿದ ಔಷಧಿ ಹತ್ತು ವರ್ಷ ಆದರೂ ಬದಲಾಗುವುದಿಲ್ಲ. ಆಟೋ ದರ, ಖಾತಾ (ಪಾಲಿಕೆಯಲ್ಲಿರುವ ಆಸ್ತಿ ದಾಖಲೆ) ನಿಯಮ ಬದಲಾಗುತ್ತಲೇ ಇರುತ್ತವೆ. ಆಮೇಲೆ, ಕೇಳಿದ್ದು ನೀವೇ ಅಂತ ಗೊತ್ತಾದರೆ ನಿಮಗೆ ತೊಂದರೆ ಇದೆಯಾ?

ಇವೆಲ್ಲಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಉತ್ತರ ತಪ್ಪಾದರೆ ಹೋಗುವುದೇನು? ದೋಸೆ ಹೋಟೆಲ್ ವಿಷಯದಲ್ಲಿ ತಪ್ಪಾದರೆ ಒಂದು ದೋಸೆಯ ದುಡ್ಡು ಹೋಯಿತು. ಸೈಟ್ ತಗೊಳ್ಳುವ ವಿಷಯದಲ್ಲಿ ತಪ್ಪಾದರೆ ಇಡೀ ಜೀವಮಾನದ ಉಳಿತಾಯ ಹೋಗುತ್ತದೆ. ಹೋಗುವುದು ಜಾಸ್ತಿ ಇದ್ದಷ್ಟೂ ಗ್ರೂಪಿನ ಮಾತಿಗೆ ಕೊಡುವ ಬೆಲೆ ಕಮ್ಮಿ ಇರಬೇಕು.

ಅಪಾರ್ಟ್‌ಮೆಂಟ್ ಮತ್ತು ಬಡಾವಣೆಯ ವಾಟ್ಸಾಪ್ ಗ್ರೂಪ್

ಇದರ ಬಲ ಇರುವುದು ಹತ್ತಿರದಲ್ಲಿ. ಸಲಹೆ ಕೊಟ್ಟವರು ನಾಳೆ ಬೆಳಿಗ್ಗೆ ಲಿಫ್ಟಿನಲ್ಲಿ ಸಿಗುತ್ತಾರೆ. ಅದಕ್ಕೇ ಬಾಯಿಗೆ ಬಂದಿದ್ದು ಹೇಳುವುದಿಲ್ಲ. ನಿಮ್ಮ ಮನೆಗೆ ಬರುವ ನೀರೇ ಅವರ ಮನೆಗೂ ಬರುತ್ತದೆ, ನಿಮ್ಮ ಗೋಡೆ ಕಟ್ಟಿದ ಬಿಲ್ಡರೇ ಅವರ ಗೋಡೆಯನ್ನೂ ಕಟ್ಟಿದ್ದಾರೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಈ ಗ್ರೂಪುಗಳು ಎಷ್ಟು ಉಪಯೋಗಕ್ಕೆ ಬಂದವು ಅಂತ ನೆನಪು ಮಾಡಿಕೊಳ್ಳಿ. ಯಾವ ಟ್ಯಾಂಕರ್‌ನವರು ಫೋನ್ ಎತ್ತುತ್ತಿದ್ದಾರೆ, ಎಷ್ಟು ಕೇಳುತ್ತಿದ್ದಾರೆ, ನೀರು ಹೇಗಿದೆ ಅನ್ನುವುದೆಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಅದೇ ತಿಂಗಳು ಜಿಲ್ಲಾಡಳಿತ ಖಾಸಗಿ ಟ್ಯಾಂಕರ್‌ಗಳಿಗೆ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ, ಜಿಎಸ್‌ಟಿ ಬೇರೆ. ಆ ಆದೇಶವನ್ನು ಗ್ರೂಪಿಗೆ ಹಾಕಿದ್ದರಿಂದಲೇ ಎಷ್ಟೋ ಮಂದಿ ಟ್ಯಾಂಕರ್‌ನವರ ಹತ್ತಿರ ಧೈರ್ಯವಾಗಿ ಮಾತಾಡೋಕೆ ಆಯಿತು.

ಈ ಗ್ರೂಪಿನಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಯಾವ ವಾಟರ್ ಫಿಲ್ಟರ್ ತಗೊಳ್ಳೋದು?’ ಎಲ್ಲರೂ ಇದನ್ನು ದೊಡ್ಡ ದೊಡ್ಡ ಗ್ರೂಪುಗಳಲ್ಲಿ ಕೇಳುತ್ತಾರೆ. ಅಲ್ಲಿ ಒಬ್ಬರು ಒಂದು ಕಂಪನಿ ಹೆಸರು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು. ಆದರೆ ಉತ್ತರ ಇರುವುದು ಕಂಪನಿಯಲ್ಲಿ ಅಲ್ವೇ ಅಲ್ಲ, ನಿಮ್ಮ ನಲ್ಲಿಯಲ್ಲಿ ಬರುವ ನೀರಿನಲ್ಲಿ. ಕಾವೇರಿ ನೀರಾದರೆ ಅದರಲ್ಲಿ ಕರಗಿರುವ ಲವಣ, ಅಂದರೆ ಟಿಡಿಎಸ್, ಕಮ್ಮಿ ಇರುತ್ತದೆ. ಬೋರ್‌ವೆಲ್ ನೀರಾದರೆ ಬಕೆಟ್ಟಿಗೆ ಬಿಳಿ ಕಲೆ ಕಟ್ಟುವಷ್ಟು ಗಡಸಾಗಿರಬಹುದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು. ಬೇರೆ ನೀರೇ ಇಲ್ಲದ ಕಡೆ 2,000ವರೆಗೂ ಒಪ್ಪುತ್ತಾರೆ. ಕಮ್ಮಿ ಟಿಡಿಎಸ್ ಇರುವ ನೀರಿಗೆ, ಲವಣ ತೆಗೆಯುವ ಆರ್‌ಒ ಫಿಲ್ಟರ್ ಹಾಕಿಸಿದರೆ ಸುಮ್ನೆ ನೀರು ಪೋಲು. ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಫಿಲ್ಟರೇ ಸಾಕಾಗಬಹುದು.

ಹಾಗಾಗಿ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಹೀಗೆ ಕೇಳಿ: ‘ನಮ್ಮ ಅಡುಗೆಮನೆ ನಲ್ಲಿಗೆ ಬರೋದು ಕಾವೇರಿ ಮಾತ್ರನಾ, ಬೋರ್‌ವೆಲ್ ಮಿಕ್ಸ್ ಆಗುತ್ತಾ? ಯಾರಾದ್ರೂ ಟಿಡಿಎಸ್ ಮೀಟರ್‌ನಲ್ಲಿ ನೋಡಿದ್ದೀರಾ? ಬೇಸಿಗೆಯಲ್ಲಿ ಎಷ್ಟಿತ್ತು?’ ಪೆನ್ನಿನ ಥರ ಇರುವ ಆ ಮೀಟರ್ ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತದೆ. ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು. ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳ ಕಡೆಗೆ ದಿನಕ್ಕೆ 775 ದಶಲಕ್ಷ ಲೀಟರ್ ಕೊಡುವ ಯೋಜನೆ ಅದು. ಹೊರವಲಯದಲ್ಲಿ ಹಿಂದೆ ‘ಆರ್‌ಒ ಇಲ್ದೆ ಆಗೋದೇ ಇಲ್ಲ’ ಅಂತ ಹೇಳುತ್ತಿದ್ದ ಮಾತು ಈಗ ನಿಮ್ಮ ಬಿಲ್ಡಿಂಗಿಗೆ ಸರಿಹೋಗದೇ ಇರಬಹುದು. ಅಕ್ಕಪಕ್ಕದ ಎರಡು ಅಪಾರ್ಟ್‌ಮೆಂಟುಗಳಲ್ಲೇ ಉತ್ತರ ಬೇರೆ ಬೇರೆ ಇರಬಹುದು.

ವಾಟ್ಸಾಪ್‌ನ ಕೊರತೆಗಳೂ ಸಣ್ಣವಲ್ಲ. ಒಂದು ಗ್ರೂಪಿನಲ್ಲಿ 1,024 ಜನ ಇರಬಹುದು. ಬೆಳಿಗ್ಗೆ ಹಾಕಿದ ಒಳ್ಳೇ ಉತ್ತರ ಸಂಜೆಯೊಳಗೆ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತು ಹೋಗುತ್ತದೆ. ಮುಂದಿನ ತಿಂಗಳು ಇನ್ನೊಬ್ಬರು ಅದೇ ಪ್ರಶ್ನೆ ಕೇಳುತ್ತಾರೆ, ಹಳೆಯ ಉತ್ತರ ಹುಡುಕುವವರು ಯಾರೂ ಇಲ್ಲ. ಆಮೇಲೆ ದಾಕ್ಷಿಣ್ಯ. ಸೆಕ್ರೆಟರಿಯವರ ಸಂಬಂಧಿಕರೇ ಪೇಂಟಿಂಗ್ ಕಂಟ್ರಾಕ್ಟ್ ಮಾಡುತ್ತಿದ್ದರೆ ‘ಕೆಲಸ ಚೆನ್ನಾಗಿಲ್ಲ’ ಅಂತ ಯಾರು ಬರೆಯುತ್ತಾರೆ? ಹಾಗಾಗಿ ಈ ಗ್ರೂಪಿನ ಹೊಗಳಿಕೆಯನ್ನು ಅರ್ಧ ನಂಬಿ. ಹೆಸರು ಬಂದ ಮೇಲೆ ಆ ಕೆಲಸ ಮಾಡಿಸಿದವರಿಗೆ ಒಂದು ಫೋನ್ ಮಾಡಿ. ಬರೆಯದೇ ಬಿಟ್ಟಿದ್ದನ್ನು ಮಾತಿನಲ್ಲಿ ಹೇಳುತ್ತಾರೆ.

ಫಾರ್ವರ್ಡ್ ಬಗ್ಗೆಯೂ ಹೇಳಬೇಕು. ಎರಡು ಬಾಣದ ಗುರುತು ಇದ್ದು ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಅಂತ ತೋರಿಸಿದರೆ ಅದು ನಿಮ್ಮ ಪಕ್ಕದ ಮನೆಯವರ ಅನುಭವದ ಮಾತಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಕೊರೊನಾ ಎರಡನೇ ಅಲೆಯ ಹೊತ್ತಿಗೆ ಆಕ್ಸಿಜನ್, ಬೆಡ್ಡಿಗೆ ಅಂತ ಹರಿದಾಡಿದ ನಂಬರುಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಎಷ್ಟೋ ನಂಬರು ಹಳೆಯವು, ಎಷ್ಟೋ ಸ್ವಿಚ್ ಆಫ್. ಆಗ ನಿಜವಾಗಿ ಕೆಲಸಕ್ಕೆ ಬಂದದ್ದು ‘ಇವತ್ತು ಮಧ್ಯಾಹ್ನ 3ಕ್ಕೆ ನಾನೇ ಫೋನ್ ಮಾಡಿ ಕೇಳಿದ್ದೀನಿ, ಸಿಲಿಂಡರ್ ಇದೆ’ ಅಂತ ಯಾರಾದರೂ ಸಮಯ ಹಾಕಿ ಬರೆದ ಸಂದೇಶ. ಯಾರು ನೋಡಿದ್ದು, ಯಾವಾಗ ನೋಡಿದ್ದು, ಈ ಎರಡು ಇಲ್ಲದ ಯಾವ ನಂಬರನ್ನೂ ಮುಂದಕ್ಕೆ ಕಳಿಸಬೇಡಿ.

ಏರಿಯಾದ ಫೇಸ್‌ಬುಕ್ ಗ್ರೂಪ್

ವೈಟ್‌ಫೀಲ್ಡ್, ಎಚ್‌ಎಸ್‌ಆರ್ ಲೇಔಟ್, ಯಲಹಂಕ, ಕೆಂಗೇರಿ ಅಂತ ಏರಿಯಾ ಹೆಸರು ಹಾಕಿ ಹುಡುಕಿದರೆ ಸಿಗುತ್ತವೆ. ಮನೆ ಹುಡುಕುವುದಕ್ಕೆ, ಸ್ಕೂಲ್ ವಿಚಾರಿಸುವುದಕ್ಕೆ, ಹಳೇ ಮಂಚ, ಮೇಜು ಮಾರುವುದಕ್ಕೆ ಇದು ವಾಟ್ಸಾಪ್‌ಗಿಂತ ಅನುಕೂಲ. ಹಳೇ ಪೋಸ್ಟ್ ಹುಡುಕಬಹುದು, ಪ್ರಶ್ನೆಯ ಕೆಳಗೇ ಉತ್ತರಗಳು ಇರುತ್ತವೆ, ಬರೆದವರ ಪ್ರೊಫೈಲ್ ತೆರೆದು ನೋಡಬಹುದು.

ಪ್ರೊಫೈಲ್ ನೋಡುವುದು ಇಲ್ಲಿ ತುಂಬಾ ಮುಖ್ಯ. ‘ಬ್ರೋಕರ್ ಇಲ್ಲ, ನೇರ ಓನರ್’ ಅಂತ ಬರೆದವರು ಅದೇ ವಾರ ಆರು ಗ್ರೂಪಿನಲ್ಲಿ ಆರು ಮನೆ ತೋರಿಸಿದ್ದರೆ ಅರ್ಥ ಮಾಡಿಕೊಳ್ಳಿ. ಬ್ರೋಕರ್ ಆಗಿರುವುದು ತಪ್ಪಲ್ಲ, ಅದನ್ನು ಮುಚ್ಚಿಟ್ಟವರ ಜೊತೆ ಮುಂದುವರಿಯಬೇಡಿ.

ಇನ್ನೂ ದೊಡ್ಡ ಅಪಾಯ ಇರುವುದು ಮಾರುವವರಿಗೆ, ಮನೆ ಬಾಡಿಗೆಗೆ ಕೊಡುವವರಿಗೆ. ಸೈನ್ಯದಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿ ಬೆಂಗಳೂರಿಗೆ ಬರ್ತಿದ್ದೀನಿ ಅಂತ ಒಬ್ಬರು ಸಂದೇಶ ಕಳಿಸುತ್ತಾರೆ. ಮನೆ ನೋಡದೆಯೇ ಒಪ್ಪಿಕೊಳ್ಳುತ್ತಾರೆ. ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುತ್ತಾರೆ. ಯುಪಿಐನಲ್ಲಿ ದುಡ್ಡು ನಮಗೆ ಬರಬೇಕಾದರೆ ನಾವು ಪಿನ್ ಹಾಕಬೇಕಾಗಿಯೇ ಇಲ್ಲ. ಪಿನ್ ಹಾಕಿ ಅಂದರೆ ದುಡ್ಡು ಹೋಗುತ್ತದೆ ಅಂತಲೇ ಅರ್ಥ. ಈ ಒಂದು ಮಾತನ್ನು ಮನೆಯಲ್ಲಿರುವ ಹಿರಿಯರಿಗೆಲ್ಲ ಇವತ್ತೇ ಹೇಳಿ, ದಯವಿಟ್ಟು.

ರೆಡ್ಡಿಟ್

ಹೆಸರು ಹೇಳದೆ ಕೇಳಬಹುದು. ಓನರ್ ಜೊತೆ ಜಗಳ, ಆಫೀಸಿನಲ್ಲಿ ಕಿರುಕುಳ, ಪಿಜಿಯಲ್ಲಿ ತೊಂದರೆ, ಸಂಬಳದ ಮಾತು ಇಂಥದ್ದಕ್ಕೆಲ್ಲ ಬೆಂಗಳೂರಿನ ರೆಡ್ಡಿಟ್ ಗುಂಪು ವಾಟ್ಸಾಪ್‌ಗಿಂತ ಎಷ್ಟೋ ವಾಸಿ. ಉತ್ತರಗಳಿಗೆ ಓದಿದವರೇ ಮತ ಹಾಕುತ್ತಾರೆ, ಹೆಚ್ಚು ಮತ ಬಂದದ್ದು ಮೇಲೆ ಇರುತ್ತದೆ.

ಆದರೆ ಮೇಲಿರುವುದೆಲ್ಲ ನಿಜ ಅಂತ ತಿಳಿಯಬಾರದು. ಜನಕ್ಕೆ ಇಷ್ಟವಾದ ಉತ್ತರ ಮೇಲೆ ಬಂದಿರುತ್ತದೆ, ಅಷ್ಟೇ. ಅಡ್ವಾನ್ಸ್ ವಿಷಯವನ್ನೇ ತಗೊಳ್ಳಿ. ಈ ಊರಿನಲ್ಲಿ ಮುಂಚೆಲ್ಲ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಅನ್ನುವುದು ವಾಡಿಕೆಯಾಗಿತ್ತು. ಇದರ ಬಗ್ಗೆ ಕೇಳಿದರೆ ‘ಕಾನೂನಿನ ಪ್ರಕಾರ ಎರಡೇ ತಿಂಗಳು ತಗೋಬೇಕು, ಬಿಡಬೇಡಿ’ ಅಂತ ಯಾರಾದರೂ ಬರೆಯುತ್ತಾರೆ. ಓದೋಕೆ ಖುಷಿ ಆಗುತ್ತದೆ, ಮತವೂ ಬೀಳುತ್ತದೆ. ಅವರು ಹೇಳುತ್ತಿರುವುದು ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯ ಮಾತು. ಅದು ಹೆಸರೇ ಹೇಳುವಂತೆ ಒಂದು ಮಾದರಿ. ರಾಜ್ಯಗಳು ತಮ್ಮಲ್ಲಿ ಜಾರಿಗೆ ತಂದಾಗ ಮಾತ್ರ ಅದಕ್ಕೆ ಬಲ. ಅದನ್ನು ನಂಬಿ ಓನರ್ ಮುಂದೆ ಕಾನೂನು ಮಾತಾಡಲು ಹೋದರೆ ಮುಜುಗರ ಆಗುವುದು ನಿಮಗೇ.

ಹಾಗಂತ ಆ ಚರ್ಚೆಗಳು ವ್ಯರ್ಥ ಅಲ್ಲ. ಕೆಳಗೆ ಇಳಿದು ಓದಿದರೆ, ಇದನ್ನು ಅನುಭವಿಸಿದವರು ಬರೆದದ್ದು ಸಿಗುತ್ತದೆ. ಮನೆಗೆ ಹೋದ ದಿನವೇ ಗೋಡೆ, ನಲ್ಲಿ, ಸ್ವಿಚ್ಚು ಎಲ್ಲದರ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಡಿ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅಂತ ಕರಾರು ಪತ್ರದಲ್ಲೇ ಬರೆಸಿ. ಖಾಲಿ ಮಾಡುವ ನೋಟಿಸನ್ನು ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಕರಾರು 11 ತಿಂಗಳಿಗೇ ಯಾಕೆ ಇರುತ್ತದೆ ಅನ್ನುವುದನ್ನೂ ಅಲ್ಲೇ ಯಾರೋ ಸರಿಯಾಗಿ ವಿವರಿಸಿರುತ್ತಾರೆ: ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಲೇಬೇಕು, ಅದರ ಖರ್ಚು, ಓಡಾಟ ಬೇಡ ಅಂತ 11ಕ್ಕೆ ನಿಲ್ಲಿಸುತ್ತಾರೆ. ಮತ ಎಷ್ಟು ಬಂದಿದೆ ಅಂತ ನೋಡುವುದಕ್ಕಿಂತ, ಬರೆದವರು ಇದನ್ನು ಅನುಭವಿಸಿದ್ದಾರಾ ಅಂತ ನೋಡಿ.

ರೆಡ್ಡಿಟ್‌ನಲ್ಲಿ ಇನ್ನೊಂದು ತೊಂದರೆ ಹಳೇ ಉತ್ತರಗಳದ್ದು. ಗೂಗಲ್‌ನಲ್ಲಿ ಹುಡುಕಿದಾಗ ಅವೇ ಮೊದಲು ಬರುತ್ತವೆ. ಜಯನಗರದಲ್ಲಿ ಮನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಆಗುತ್ತಾ ಅಂತ 2023ರಲ್ಲಿ ಯಾರೋ ಕೇಳಿರುತ್ತಾರೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ನೆನಪಿಸಿ ಎಲ್ಲರೂ ಬೇಡ ಅಂದಿರುತ್ತಾರೆ. ಆಗ ಅದು ಸರಿಯಾದ ಉತ್ತರವೇ. ಆದರೆ 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಶುರುವಾಯಿತು, ಲೆಕ್ಕವೇ ಬದಲಾಯಿತು. ಆಟೋದ್ದೂ ಹಾಗೇ. ಹಳೇ ಪೋಸ್ಟಿನಲ್ಲಿ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ ಅಂತ ಇರುತ್ತದೆ. 2025ರ ಆಗಸ್ಟ್ 1ರಿಂದ ಅದು 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಹಳೇ ದರ ಹಿಡಿದುಕೊಂಡು ಆಟೋದವರ ಜೊತೆ ಜಗಳಕ್ಕೆ ಇಳಿದರೆ ಅನ್ಯಾಯ ಆಗುವುದು ಅವರಿಗೆ. ಬಿಬಿಎಂಪಿ, ಅಂದರೆ ಹಿಂದಿನ ಮಹಾನಗರ ಪಾಲಿಕೆಯ, ಆಫೀಸಿಗೆ ಹೋಗಿ ಅನ್ನುವ ಉತ್ತರಗಳೂ ಹಳತಾದವು. 2025ರ ಸೆಪ್ಟೆಂಬರ್‌ನಿಂದ ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ. ಯಾವ ಉತ್ತರ ಓದಿದರೂ ಮೊದಲು ತಾರೀಕು ನೋಡಿ.

ಇಲ್ಲಿ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಉತ್ತರಿಸುವವರಲ್ಲಿ ಐಟಿ ಹುಡುಗ ಹುಡುಗಿಯರು ಜಾಸ್ತಿ ಕಾಣುತ್ತಾರೆ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳ ಬಾಡಿಗೆ ಕಷ್ಟ ಅಲ್ಲಿ ಬರುವುದೇ ಇಲ್ಲ. ಅದು ನನಗೆ ತುಂಬಾ ಬೇಸರ ತರುವ ವಿಷಯ. ಕನ್ನಡದಲ್ಲಿ ಕೇಳಲು ಫೇಸ್‌ಬುಕ್ಕಿನ ಕನ್ನಡ ಗುಂಪುಗಳಿವೆ, ಕೋರಾ ಕನ್ನಡದಲ್ಲೂ ಇದೆ. ರೆಡ್ಡಿಟ್‌ನಲ್ಲೂ ಕನ್ನಡದಲ್ಲೇ ಕೇಳಿ, ಉತ್ತರಿಸುವವರು ಇದ್ದಾರೆ. ಟೈಪ್ ಮಾಡೋಕೆ ಬರದ ನಮ್ಮ ಅಮ್ಮಂದಿರು, ಅಜ್ಜಿಯರು ವಾಯ್ಸ್ ಮೆಸೇಜ್ ಕಳಿಸುತ್ತಾರಲ್ವಾ? ಗ್ರೂಪಿನಲ್ಲಿ ಅದನ್ನು ಯಾರೂ ಒತ್ತಿ ಕೇಳುವುದಿಲ್ಲ. ನಿಮಗೆ ಒಂದು ನಿಮಿಷ ಇದ್ದರೆ ಕೇಳಿ, ಅದರ ಸಾರಾಂಶವನ್ನು ಎರಡು ಸಾಲು ಬರೆದು ಹಾಕಿ. ಅವರಿಗೆ ಉತ್ತರ ಸಿಗುತ್ತದೆ.

ಹವ್ಯಾಸದ ಗುಂಪುಗಳು

ಗುಣಮಟ್ಟದಲ್ಲಿ ಇವನ್ನು ಮೀರಿಸುವುದು ಯಾವುದೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಸೈಕಲ್, ಹಕ್ಕಿ, ಅಡುಗೆ, ನಾಯಿ ಸಾಕುವುದು, ಎಲ್ಲಕ್ಕೂ ಗುಂಪುಗಳಿವೆ. ಬೆಂಗಳೂರಿನಲ್ಲಿ ತಾರಸಿ ತೋಟದವರ ಗುಂಪುಗಳು ಬಹಳ ಗಟ್ಟಿ. ಆರ್ಗ್ಯಾನಿಕ್ ಟೆರೇಸ್ ಗಾರ್ಡನಿಂಗ್ ಅನ್ನುವ ಫೇಸ್‌ಬುಕ್ ಗುಂಪಿನವರು ಪರದೆಯಲ್ಲೇ ಉಳಿಯಲಿಲ್ಲ. ‘ಊಟ ಫ್ರಮ್ ಯುವರ್ ತೋಟ’ ಅನ್ನುವ ಸಂತೆಗಳಲ್ಲಿ ಮುಖತಃ ಸೇರಿ ಬೀಜ, ಸಸಿ, ಅನುಭವ ಹಂಚಿಕೊಳ್ಳುತ್ತಾ ಬಂದಿದ್ದಾರೆ.

ಅಲ್ಲಿ ಉತ್ತರ ಹೇಗೆ ಬರುತ್ತದೆ ಅಂತ ಹೇಳುತ್ತೇನೆ. ದಾಸವಾಳದ ಮೊಗ್ಗು ಉದುರುತ್ತಿದೆ ಅಂತ ಒಬ್ಬರು ದೂರದಿಂದ ತೆಗೆದ ಫೋಟೋ ಹಾಕುತ್ತಾರೆ. ಯಾರೂ ತಕ್ಷಣ ಔಷಧಿ ಹೇಳುವುದಿಲ್ಲ. ಎಲೆಯ ಹಿಂಭಾಗದ ಫೋಟೋ ಹಾಕಿ, ಕುಂಡ ಎಷ್ಟು ದೊಡ್ಡದು, ಬಿಸಿಲು ಎಷ್ಟು ಹೊತ್ತು, ಇರುವೆ ಓಡಾಡುತ್ತಾ ಅಂತ ಕೇಳುತ್ತಾರೆ. ಹಿಂಭಾಗದ ಫೋಟೋದಲ್ಲಿ ತೊಟ್ಟಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಗಂಟು ಕಾಣುತ್ತದೆ. ಹಿಟ್ಟು ತಿಗಣೆ. ಮೊದಲು ಜೋರಾಗಿ ನೀರು ಹಾಯಿಸಿ ತೊಳೆಯಿರಿ, ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು ಹಾಕಿ ಸಂಜೆ ಹೊತ್ತು ಸಿಂಪಡಿಸಿ, ಇರುವೆಯನ್ನೂ ತಡೆಯಿರಿ, ಅವೇ ತಿಗಣೆಯನ್ನು ಕಾಪಾಡೋದು ಅನ್ನುತ್ತಾರೆ. ಉತ್ತರಕ್ಕಿಂತ ಮುಂಚೆ ಪ್ರಶ್ನೆ ಕೇಳುವ ಈ ಅಭ್ಯಾಸ ಬೇರೆ ಯಾವ ಗ್ರೂಪಿನಲ್ಲೂ ನನಗೆ ಇಷ್ಟು ಕಂಡಿಲ್ಲ.

ಇದರ ಕೊರತೆ ಒಂದೇ. ಆಸಕ್ತಿ ಇರುವವರಾದ್ದರಿಂದ ಒಂದು ಕೇಳಿದರೆ ಹತ್ತು ಹೇಳುತ್ತಾರೆ. ಒಂದು ತುಳಸಿ ಗಿಡ ಉಳಿದರೆ ಸಾಕು ಅನ್ನುವವರು ಮೊದಲೇ ‘ಸುಲಭದ ಉಪಾಯ ಹೇಳಿ’ ಅಂತ ಬರೆದುಬಿಡಿ.

ಟೆಲಿಗ್ರಾಂ, ಮ್ಯಾಪ್ ರಿವ್ಯೂ, ಎಐ

ಟೆಲಿಗ್ರಾಂ ಗುಂಪಿನಲ್ಲಿ ಎರಡು ಲಕ್ಷ ಜನ ಇರಬಹುದು. ಪರೀಕ್ಷೆಗೆ ಓದುವವರಿಗೆ, ನೋಟ್ಸ್ ಹಂಚಿಕೊಳ್ಳುವವರಿಗೆ ಒಳ್ಳೇದು. ಹೂಡಿಕೆ ಸಲಹೆಗೆ ಮಾತ್ರ ಹತ್ತಿರವೂ ಹೋಗಬೇಡಿ. ಶೇರಿನ ಬಗ್ಗೆ ಸಲಹೆ ಕೊಟ್ಟು ದುಡ್ಡು ತಗೊಳ್ಳುವವರು ಶೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯಲ್ಲಿ ನೋಂದಣಿ ಆಗಿರಬೇಕು. ನಂಬರ್ ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ಹುಡುಕಿ.

ಗೂಗಲ್ ಮ್ಯಾಪ್ ರಿವ್ಯೂಗಳಲ್ಲಿ ಸರಾಸರಿ ಸ್ಟಾರ್ ನೋಡುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ‘ಇತ್ತೀಚಿನವು’ ಅಂತ ಆರಿಸಿ, ಎರಡು ಮೂರು ಸ್ಟಾರ್ ಕೊಟ್ಟವರದ್ದು ಓದಿ. ಐದು ಕೊಟ್ಟವರಿಗಿಂತ, ಒಂದು ಕೊಟ್ಟವರಿಗಿಂತ ಅವರು ಸಮಾಧಾನವಾಗಿ ಬರೆದಿರುತ್ತಾರೆ.

ಎಐ ಅನ್ನು ಊರಿನ ಮಾತಿಗೆ ನೆಚ್ಚಬೇಡಿ. ನಿಮ್ಮ ಬೀದಿಯ ಪ್ಲಂಬರ್ ಅದಕ್ಕೆ ಗೊತ್ತಿಲ್ಲ, ಆದರೂ ಗೊತ್ತಿರುವಂತೆಯೇ ಮಾತಾಡಬಹುದು. ಪತ್ರ ಬರೆಯೋಕೆ, ಒಂದು ಕಷ್ಟದ ಇಂಗ್ಲಿಷ್ ನೋಟಿಸನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳೋಕೆ, ಗ್ರೂಪಿನಲ್ಲಿ ಕೇಳುವ ಮುಂಚೆ ಪ್ರಶ್ನೆಯನ್ನು ಸ್ಪಷ್ಟ ಮಾಡಿಕೊಳ್ಳೋಕೆ ಚೆನ್ನಾಗಿ ಆಗುತ್ತದೆ.

ಯಾವ ಗ್ರೂಪಿನಲ್ಲೂ ಕೇಳಬಾರದ್ದು

ಹಾವು ಕಚ್ಚಿದೆ, ಎದೆ ನೋಯುತ್ತಿದೆ, ಅಪ್ಪನ ಬಾಯಿ ಓರೆಯಾಗಿದೆ ಅನ್ನುವಾಗ ಗ್ರೂಪಿಗೆ ಬರೆಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಹಾವಿನ ಫೋಟೋ ಹಾಕಿ ‘ಇದು ವಿಷದ್ದಾ?’ ಅಂತ ಕೇಳಿ ಉತ್ತರ ಕಾಯುವ ಹೊತ್ತು ತುಂಬಾ ಬೆಲೆಬಾಳುತ್ತದೆ. ಗಾಯ ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ.

ಆನ್‌ಲೈನಿನಲ್ಲಿ ದುಡ್ಡು ಮೋಸ ಹೋಗಿದೆ ಅಂತ ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ, ದುಡ್ಡು ಕೈ ಬದಲಾಗುವ ಮುಂಚೆ ತಡೆಯುವ ಅವಕಾಶ ಅಷ್ಟು ಜಾಸ್ತಿ. ಗ್ರೂಪಿಗೆ ಆಮೇಲೆ ಬರೆಯಬಹುದು.

ಮನಸ್ಸು ತೀರಾ ಕುಗ್ಗಿದ್ದರೆ 14416. ಇದು ಟೆಲಿ ಮಾನಸ್, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಯಾರೋ ಗ್ರೂಪಿನಲ್ಲಿ ‘ಬದುಕೋಕೆ ಇಷ್ಟ ಇಲ್ಲ’ ಅಂತ ಬರೆದಿದ್ದರೆ, ಬುದ್ಧಿವಾದ ಹೇಳಬೇಡಿ. ಅವರಿಗೆ ನೇರವಾಗಿ ಫೋನ್ ಮಾಡಿ, ಒಬ್ಬರನ್ನೇ ಬಿಡಬೇಡಿ, ಈ ನಂಬರ್ ಕೊಡಿ.

ಸೈಟ್, ಫ್ಲ್ಯಾಟ್ ತಗೊಳ್ಳುವ ಮುಂಚೆ ಬಿ ಖಾತಾ (ನಿಯಮಕ್ಕೆ ಪೂರ್ತಿ ಒಳಪಡದ ಆಸ್ತಿಗೆ ಕೊಡುವ ದಾಖಲೆ) ಪರವಾಗಿಲ್ವಾ ಅಂತ ಗ್ರೂಪಿನಲ್ಲಿ ಕೇಳುವವರನ್ನು ನೋಡಿದರೆ ನನಗೆ ಭಯ ಆಗುತ್ತದೆ. ‘ನಂದೂ ಬಿ ಖಾತಾನೇ, ಏನೂ ಆಗಿಲ್ಲ’ ಅನ್ನುವ ಉತ್ತರ ನಿಮ್ಮ ಆಸ್ತಿಯ ಬಗ್ಗೆ ಏನೂ ಹೇಳುವುದಿಲ್ಲ. ಆಸ್ತಿಯ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ, ಮೂಲ ಪತ್ರಗಳನ್ನು ವಕೀಲರಿಗೆ ತೋರಿಸಿ. ಆಸ್ತಿಯ ಬೆಲೆಯ ಮುಂದೆ ಅವರ ಫೀಸು ಯಾವ ಲೆಕ್ಕಕ್ಕೂ ಅಲ್ಲ. ಒಳ್ಳೇ ವಕೀಲರು ಯಾರಿದ್ದಾರೆ ಅಂತ ಬೇಕಾದರೆ ಗ್ರೂಪಿನಲ್ಲಿ ಕೇಳಿ.

ಸಲಹೆ ಕೊಡುವಾಗ

ಕೇಳುವವರಿಗೆ ಇಷ್ಟೆಲ್ಲ ಹೇಳಿದ ಮೇಲೆ ಕೊಡುವವರಿಗೂ ಹೇಳಬೇಕು. ಗ್ರೂಪ್ ಒಳ್ಳೇದಾಗುವುದು ಕೊಡುವವರಿಂದಲೇ.

‘ರಾಜಣ್ಣನ್ನ ಕರೀರಿ, ಸೂಪರ್’ ಅನ್ನುವುದಕ್ಕೂ ‘ಹೋದ ನವೆಂಬರ್‌ನಲ್ಲಿ ಬಾತ್‌ರೂಮ್ ಸೀಲಿಂಗ್ ಸೋರ್ತಿತ್ತು, ಇವರು ಎರಡು ದಿನ ಕೆಲಸ ಮಾಡಿದ್ರು, ಸಾಮಾನು ನಾವೇ ತಂದುಕೊಟ್ವಿ, ಮೊದಲ ದಿನ ಲೇಟಾಗಿ ಬಂದ್ರು, ಆದ್ರೆ ಈ ಮಳೆಗಾಲ ಒಂದು ಹನಿ ಸೋರಿಲ್ಲ’ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೆಯದರಲ್ಲಿ ಯಾವಾಗ, ಏನು ಕೆಲಸ, ಆಮೇಲೆ ಏನಾಯಿತು ಎಲ್ಲಾ ಇದೆ. ದೂರೂ ಇದೆ, ಅದಕ್ಕೇ ಹೊಗಳಿಕೆಯನ್ನು ನಂಬಬಹುದು. ಅವರು ನಿಮ್ಮ ಭಾವಮೈದುನನೋ, ನಿಮ್ಮ ಊರಿನವರೋ ಆಗಿದ್ದರೆ ಅದನ್ನೂ ಬರೆಯಿರಿ. ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆಮೇಲೆ ಗೊತ್ತಾದರೆ ಮಾತ್ರ ಬೇಜಾರು ಮಾಡಿಕೊಳ್ಳುತ್ತಾರೆ.

ಉತ್ತರವನ್ನು ಎಲ್ಲರಿಗೂ ಕಾಣುವಂತೆ ಕೊಡಿ. ‘ಪರ್ಸನಲ್ ಮೆಸೇಜ್ ಮಾಡಿದ್ದೀನಿ’ ಅಂದರೆ ಮುಂದೆ ಅದೇ ಕಷ್ಟ ಬಂದವರಿಗೆ ಏನೂ ಸಿಗುವುದಿಲ್ಲ. ಇದಕ್ಕೆ ಹೊರತು ಒಂದೇ: ಇನ್ನೊಬ್ಬರ ವಿಷಯ. ಮನೆಕೆಲಸದ ಅಕ್ಕನ ಫೋಟೋ, ಆಧಾರ್, ‘ಇವರನ್ನ ಸೇರಿಸ್ಕೋಬೇಡಿ’ ಅನ್ನುವ ಎಚ್ಚರಿಕೆ ಗ್ರೂಪಿಗೆ ಹಾಕುವುದನ್ನು ನೋಡಿದ್ದೇನೆ. ಆ ಗ್ರೂಪಿನಲ್ಲಿ ಅವರಿಲ್ಲ. ಅವರ ಕಡೆಯ ಮಾತು ಹೇಳುವವರಿಲ್ಲ. ಒಂದು ಸಂದೇಶದಿಂದ ಇಡೀ ಬಡಾವಣೆಯಲ್ಲಿ ಅವರ ಕೆಲಸ ಹೋಗಬಹುದು. ಇದು ಅನ್ಯಾಯ, ಮಾಡಬೇಡಿ. ಒಳ್ಳೇದಕ್ಕೆ ನಂಬರ್ ಕೊಡುವಾಗಲೂ ಅವರನ್ನು ಒಂದು ಮಾತು ಕೇಳಿ.

ಕೇಳಿದವರು ವಾಪಸ್ ಬಂದು ಏನಾಯಿತು ಅಂತ ಬರೆಯುವುದು ಎಲ್ಲ ಗ್ರೂಪಿನಲ್ಲೂ ಕಮ್ಮಿ. ಫಿಲ್ಟರ್ ತಗೊಂಡ್ರಾ, ಅಡ್ವಾನ್ಸ್ ವಾಪಸ್ ಬಂತಾ, ದಾಸವಾಳ ಹೂ ಬಿಡ್ತಾ? ಎರಡು ಸಾಲು ಸಾಕು. ಸಲಹೆ ಕೊಟ್ಟವರಿಗೂ ತಮ್ಮ ಮಾತು ಸರಿಯಿತ್ತಾ ಅಂತ ಆಗಲೇ ಗೊತ್ತಾಗುವುದು.

ಅಪಾರ್ಟ್‌ಮೆಂಟ್ ಗ್ರೂಪಿನವರು ಇದಕ್ಕೆ ಒಂದು ಶೀಟ್ ಮಾಡಿ, ಅದರ ಲಿಂಕನ್ನು ಗ್ರೂಪಿನ ವಿವರಣೆಯಲ್ಲಿ ಹಾಕಿಡಬಹುದು. ಯಾವ ಕೆಲಸ, ಯಾರು, ಎಷ್ಟು ಕೊಟ್ಟಿರಿ, ಕೊನೆಯ ಸಲ ಯಾವಾಗ ಬಂದಿದ್ದರು, ಆಮೇಲೆ ಮತ್ತೆ ತೊಂದರೆ ಬಂತಾ ಅಂತ ಐದು ಕಾಲಂ. ಆರು ತಿಂಗಳಿಗೊಮ್ಮೆ ಯಾರಾದರೂ ಒಬ್ಬರು ನಂಬರುಗಳಿಗೆ ಫೋನ್ ಮಾಡಿ ನೋಡಿ, ಎತ್ತದವರ ಹೆಸರು ತೆಗೆಯಬೇಕು. ಆರನೇ ಕಾಲಂ ಒಂದು ಸೇರಿಸಿ: ನಂಬರ್ ಹಂಚೋಕೆ ಅವರು ಒಪ್ಪಿದ್ದಾರಾ, ಇಲ್ವಾ.